ಹನ್ನೊಂದು ದಿನದ ಹಾಜರಿ

ಜುಲೈ 12, ಶುಕ್ರವಾರ

ಹಳೇ ಪುಸ್ತಕ ಮುಗಿದು ನಾಲ್ಕು ದಿನ ಆಗಿತ್ತು. ಬರೆಯದೆ ಇದ್ದರೆ ನನಗೆ ತಿಂದದ್ದು ಅರಗಲ್ಲ. ನಿನ್ನೆ ಇವರು ಕನ್ನಡಕದ ಅಂಗಡಿ ಮುಚ್ಚಿ ಬರೋವಾಗ ಹೊಸದು ತಂದುಕೊಟ್ಟರು, ಕೆಂಪು ರಟ್ಟಿಂದು. ಅಷ್ಟೊಂದು ಏನಿರತ್ತೆ ಬರೆಯೋಕೆ ಅಂದರು. ಇಪ್ಪತ್ತಾರು ವರ್ಷದಿಂದ ಇದೇ ಪ್ರಶ್ನೆ, ಒಂದು ದಿನವೂ ತೆಗೆದು ಓದಿದವರಲ್ಲ. ಅದೊಂದು ಪುಣ್ಯ. ಇವತ್ತು ಬಿಡುವಿನ ಪೀರಿಯಡ್‌ನಲ್ಲಿ ಸ್ಟಾಫ್ ರೂಮಿನಲ್ಲೇ ಶುರು ಮಾಡ್ತಿದ್ದೀನಿ.

ಈ ವರ್ಷ ವಿದ್ಯಾರ್ಥಿ ಸಂಘದ ಸಲಹೆಗಾರ್ತಿ ಅನ್ನೋ ಪಟ್ಟ ನನ್ನ ತಲೆಗೆ ಕಟ್ಟಿದ್ದಾರೆ. ಸಂಘದ ನಿಯಮಾವಳಿ ತಂದು ಓದಿದೆ, ನೀಲಿ ರಟ್ಟಿನ ಸಣ್ಣ ಪುಸ್ತಕ. ಸಂಘ ಏನು ಮಾಡಬಹುದು ಅನ್ನೋದು ಅರ್ಧ ಪುಟ. ಅದನ್ನ ಯಾರು ಯಾರು ತಡೀಬಹುದು ಅನ್ನೋದು ಆರು ಪುಟ. ಮಕ್ಕಳು ಓಟು ಹಾಕಿ ಆರಿಸ್ತಾರೆ, ಆಮೇಲೆ ನನ್ನ ಸಹಿ ಇಲ್ಲದೆ ಒಂದು ಠರಾವೂ ನಡೆಯಲ್ಲ. ಮೊದಲು ನಾನು, ನನ್ನ ಮೇಲೆ ಮೇಲುಸ್ತುವಾರಿ ಸಮಿತಿ, ಅದರ ಮೇಲೆ ಪ್ರಿನ್ಸಿಪಾಲರು. ಎಲ್ಲರೂ ಅವರನ್ನ ದೊಡ್ಡವರು ಅಂತಾರೆ.

ಅಧ್ಯಕ್ಷೆ ನನ್ನ ಸಂಖ್ಯಾಶಾಸ್ತ್ರದ ಕೊನೇ ವರ್ಷದ ಹುಡುಗಿ. ನಿಂತಲ್ಲಿ ನಿಲ್ಲಲ್ಲ ಅಂತ ಗಿರಗಿಟ್ಲೆ ಅಂತ ಹೆಸರಿಟ್ಟೆ. ಈಗ ಜವಾನನೂ ಹಾಗೇ ಕರೀತಾನೆ. ಇವತ್ತು ಬಂದಳು. ಅಂತರ ಕಾಲೇಜು ಕ್ರೀಡಾಕೂಟ ಈ ಸಲ ನಮ್ಮಲ್ಲಿ, ಹೊರಗಿಂದ ಮುನ್ನೂರು ಮಕ್ಕಳು ಬರ್ತಾರೆ. ಅವರಿಗೆ ಉಳಿಯೋ ಜಾಗ, ಊಟ, ಬಸ್ಸು ಎಲ್ಲ ಹೊಂದಿಸೋಕೆ ಒಬ್ಬರು ಊರೆಲ್ಲ ಸುತ್ತಬೇಕು. ನೀನೇ ಹೋಗು ಅಂದೆ. ಹನ್ನೊಂದು ದಿನ ಕ್ಲಾಸು ತಪ್ಪತ್ತೆ ಮೇಡಂ ಅಂದಳು. "ನೀನು ಹೋಗೇ ತಾಯಿ, ಹಾಜರಿ ನಾನು ನೋಡ್ಕೋತೀನಿ" ಅಂದೆ. ಕಾಲೇಜಿನ ಕೆಲಸಕ್ಕೆ ಹೋದ ಮಕ್ಕಳಿಗೆ ಹಾಜರಿ ಕೊಡೋಕೆ ಆನ್ ಡ್ಯೂಟಿ ಪುಸ್ತಕ ಅಂತ ಇದೆ, ಎಲ್ಲರ ಬಾಯಲ್ಲಿ ಓಡಿ, ಅದರಲ್ಲಿ ನಾನು ಬರೆದು ಸಹಿ ಹಾಕಿದರೆ ಆಯ್ತು. ಅರ್ಜಿ ಗಿರ್ಜಿ ಕೊಡಬೇಕಾ ಅಂತ ಕೇಳಿದಳು. ಬೇಡ ಅಂದೆ.

ಮೇಜಿನ ಮೇಲೆ ಈ ಕೆಂಪು ಪುಸ್ತಕ ಬಿದ್ದಿತ್ತು. ದಿನಾ ಬರೀತೀರಾ ಮೇಡಂ ಅಂದಳು. ತಪ್ಪದೆ ಅಂದೆ. ಹಾಗಾದ್ರೆ ಇವತ್ತು ನನ್ನ ಹೆಸರೂ ಬರತ್ತೆ ಅಂತ ನಕ್ಕೊಂಡು ಓಡಿದಳು. ಬಂತು ನೋಡು.

ಜುಲೈ 27, ಶನಿವಾರ

ಕ್ರೀಡಾಕೂಟ ಮುಗೀತು. ಹೊರಗಿನ ಕಾಲೇಜಿನ ಮೇಷ್ಟ್ರೊಬ್ಬರು, ನಿಮ್ಮಲ್ಲಿ ಬಿಸಿನೀರು ಸಿಕ್ತಲ್ಲ ಮೇಡಂ, ಹತ್ತು ವರ್ಷದಲ್ಲಿ ಇದೇ ಮೊದಲು ಅಂದರು. ಅದು ನನ್ನ ಪ್ರತಾಪ ಅಲ್ಲ, ಗಿರಗಿಟ್ಲೆದು. ಹನ್ನೊಂದು ದಿನ ಬಿಸಿಲಲ್ಲಿ ಸುತ್ತಿ ಮುಖ ಕರ್ರಗಾಗಿದೆ. ಒಂದು ಶಾಲೆಯ ಹೆಡ್ಮಾಸ್ಟರು ರೂಮು ಕೊಡಲ್ಲ ಅಂದಿದ್ದಕ್ಕೆ ಅವರ ಮನೆ ಜಗಲಿ ಮೇಲೆ ಮೂರು ಗಂಟೆ ಕೂತು, ಬೀಗದ ಕೈ ಇಸಕೊಂಡೇ ಬಂದಳಂತೆ. ಬೀಳ್ಕೊಡುವಾಗ ದೊಡ್ಡವರು ವೇದಿಕೆ ಮೇಲೆ ನನ್ನನ್ನ ಹೊಗಳಿದರು. ನಾನೂ ಹೊಗಳಿಸಿಕೊಂಡೆ. ಆಮೇಲೆ ಅವಳ ಬೆನ್ನು ತಟ್ಟಿದೆ.

ಓಡಿ ಬರೀಬೇಕು. ಏಳು ದಿನದೊಳಗೆ ಬರೀಬೇಕು ಅಂತ ನಿಯಮ, ಆದರೆ ಯಾರು ಹಾಗೆ ಬರೀತಾರೆ. ಎಲ್ಲರೂ ತಿಂಗಳಿಗೊಂದು ಸಲ ಕೂತು ಗೀಚೋದೇ. ಸೋಮವಾರ ಬರೀತೀನಿ. ಕಾಲು ನೋವು.

ಆಗಸ್ಟ್ 13, ಮಂಗಳವಾರ

ಸಂಘದ ಸಭೆ. ಕೆಳಗಿನ ಮಹಡಿಯ ಸಣ್ಣ ಕೋಣೆಯಲ್ಲಿ ಹದಿನಾಲ್ಕು ಮಕ್ಕಳು, ಆರು ಕುರ್ಚಿ. ನನಗೊಂದು ಕುರ್ಚಿ ಕೊಟ್ಟು ಉಳಿದವರು ಕಿಟಕಿ ಕಟ್ಟೆ ಮೇಲೆಲ್ಲ ಕೂತರು.

ಈ ವರ್ಷ ಸಂಘ ಮೂರು ಮನವಿ ಕಳಿಸಿತ್ತು. ಭಾನುವಾರ ಓದುವ ಕೋಣೆ ತೆಗೆಯಿರಿ, ಎರಡನೇ ಮಹಡಿಗೆ ಕುಡಿಯೋ ನೀರು ಹಾಕಿಸಿ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಿ. ಮೂರೂ ವಾಪಸ್ ಬಂದಿವೆ, ಮೂರರ ಮೇಲೂ ಒಂದೇ ರಬ್ಬರ್ ಮುದ್ರೆ: ಪರಿಶೀಲಿಸಿ ಕೈಬಿಡಲಾಗಿದೆ. ಚಿಲಕದಲ್ಲಿ ಪರಿಶೀಲಿಸೋಕೆ ಏನಿತ್ತೋ ದೇವರಿಗೇ ಗೊತ್ತು.

ಗಿರಗಿಟ್ಲೆ ಎದ್ದು ನಿಂತಳು. ಕೂಗಾಡಬಹುದು ಅಂದುಕೊಂಡಿದ್ದೆ, ಕೂಗಾಡಲಿಲ್ಲ. "ಆಗಲ್ಲ ಅಂದ್ರೆ ಬೇಜಾರಿಲ್ಲ. ಯಾಕೆ ಆಗಲ್ಲ ಅಂತ ಬರೆದು ಕೊಡಲಿ. ಬರೆದದ್ದು ಇದ್ರೆ ಮುಂದಿನ ವರ್ಷ ಬರೋರು ಅಲ್ಲಿಂದ ಶುರು ಮಾಡಬಹುದು. ಇಲ್ದಿದ್ರೆ ಪ್ರತಿ ವರ್ಷ ಚಿಲಕದಿಂದಲೇ ಶುರು" ಅಂದಳು. ಅದನ್ನೇ ಠರಾವು ಮಾಡಿದರು: ಸಂಘದ ಮನವಿಯನ್ನ ಕೈಬಿಟ್ಟರೆ ಕಾಲೇಜು ಕಾರಣ ಬರೆದು ಕೊಡಬೇಕು. ಹದಿನಾಲ್ಕು ಕೈ ಎದ್ದವು. ನಡವಳಿ ಪುಸ್ತಕ ನನ್ನ ಮುಂದೆ ಇಟ್ಟರು, ಅಲ್ಲೇ ಸಹಿ ಹಾಕಿದೆ. ಪೆನ್ನು ಮುಚ್ಚೋವಾಗ ನನಗೇ ನನ್ನ ಮೇಲೆ ಒಂಥರಾ ಹೆಮ್ಮೆ ಆಯ್ತು. ನನ್ನ ಕಾಲೇಜು ದಿನಗಳಲ್ಲಿ ಇಂಥ ಒಬ್ಬಳು ಇದ್ದಿದ್ದರೆ ಅನ್ನಿಸ್ತು.

ಓಡಿ ಇನ್ನೂ ಬರೆದಿಲ್ಲ. ಮರೆವು ಅಲ್ಲ, ಸೋಮಾರಿತನ. ನಾಳೆ.

ಆಗಸ್ಟ್ 21, ಬುಧವಾರ

ದೊಡ್ಡವರು ಕರೆಸಿದ್ದರು. ಅವರು ಗದರೋ ಜಾತಿ ಅಲ್ಲ. ಫ್ಲಾಸ್ಕಿನಿಂದ ತಾವೇ ಚಹಾ ಬಗ್ಗಿಸಿ ಕೊಟ್ಟರು. ಠರಾವು ಓದಿ ಸಹಿ ಹಾಕಿದ್ರಾ ಮೇಡಂ ಅಂತ ಕೇಳಿದರು. ಓದಿಯೇ ಹಾಕಿದ್ದು ಅಂದೆ. ಒಳ್ಳೇದು, ಓದಿ ಹಾಕಬೇಕು ಅಂದರು. ಆಮೇಲೆ ಬೇರೆ ಮಾತು. ವಿಭಾಗದ ಮುಖ್ಯಸ್ಥೆ ಸ್ಥಾನದಲ್ಲಿ ನಾನು ಎರಡು ವರ್ಷದಿಂದ ಪ್ರಭಾರಿ. ಕಾಯಂ ಮಾಡೋ ಕಡತ ಅವರ ಮೇಜಿನ ಮೇಲೇ ಇತ್ತು, ಅದರ ಮೇಲೆ ಚಹಾದ ಬಟ್ಟಲು ಇಟ್ಟಿದ್ದರು. ಸಂಘದ ಕೆಲಸ ಹೆಚ್ಚಾಗಿ ನಿಮಗೆ ವಿಭಾಗದ ಕಡೆ ಗಮನ ಕೊಡೋಕೆ ಕಷ್ಟ ಆಗ್ತಿಲ್ಲ ತಾನೆ ಅಂದರು. ಇಲ್ಲ ಸಾರ್ ಅಂದೆ. ಅಷ್ಟೇ. ಚಹಾ ಚೆನ್ನಾಗಿತ್ತು.

ವಾಪಸ್ ಬಂದು ನೋಡಿದರೆ ಕಪಾಟಿನಲ್ಲಿ ಓಡಿ ಪುಸ್ತಕ ಇಲ್ಲ. ಅರ್ಧಾವಧಿ ತಪಾಸಣೆಗೆ ಅಂತ ಸೂಪರಿಂಟೆಂಡೆಂಟ್ ತರಿಸಿಕೊಂಡಿದ್ದಾರಂತೆ. ಆ ಹನ್ನೊಂದು ದಿನದ ಪುಟ ಖಾಲಿ ಇದೆಯಲ್ಲ.

ಅಧ್ಯಕ್ಷೆ ಸ್ವಲ್ಪ ತಾಳ್ಮೆ ಕಲೀಬೇಕಿತ್ತು. ಒಂದು ಠರಾವು, ಇಷ್ಟು ಬೇಗ.

ಆಗಸ್ಟ್ 28, ಬುಧವಾರ

ಹಾಜರಿ ಪಟ್ಟಿ ಹಾಕಿದ್ದಾರೆ. ಅಧ್ಯಕ್ಷೆಯದು ಅರವತ್ತು ದಿನಕ್ಕೆ ನಲವತ್ತಮೂರು, ನೂರಕ್ಕೆ ಎಪ್ಪತ್ತೊಂದು ಚಿಲ್ಲರೆ. ಎಪ್ಪತ್ತೈದಕ್ಕಿಂತ ಕಡಿಮೆ ಇದ್ದರೆ ಸಂಘದ ಪದವಿ ತಾನಾಗೇ ಹೋಗತ್ತೆ, ಅದು ನೀಲಿ ಪುಸ್ತಕದ ಐದನೇ ಪುಟ. ಪರೀಕ್ಷೆಗೂ ಕೂರಿಸಲ್ಲ, ಅದು ಕಾಲೇಜಿನ ನಿಯಮ. ಹನ್ನೊಂದು ಸೇರಿಸಿದರೆ ತೊಂಬತ್ತು. ಹನ್ನೊಂದೂ ಬೇಡ, ಎರಡು ದಿನ ಬರೆದಿದ್ದರೂ ಸರಿಯಾಗಿ ಎಪ್ಪತ್ತೈದು. ಸಂಖ್ಯಾಶಾಸ್ತ್ರ ಹೇಳಿಕೊಡೋಳು ನಾನು.

ಸೂಪರಿಂಟೆಂಡೆಂಟ್ ಹತ್ತಿರ ಹೋಗಿ ಪುಸ್ತಕ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಏಳು ದಿನ ಕಳೆದ ಮೇಲೆ ಬರೆಯೋ ಹಾಗಿಲ್ಲ ಮೇಡಂ ಅಂದರು. ಬೇಕಾದರೆ, ನಾನೇ ಕಳಿಸಿದ್ದೆ, ಬರೆಯೋದು ಬಿಟ್ಟುಹೋಗಿದೆ, ತಪ್ಪು ನನ್ನದು ಅಂತ ಒಂದು ಕಾಗದ ಕೊಡಿ, ದೊಡ್ಡವರ ಮುಂದೆ ಇಡ್ತೀನಿ ಅಂದರು. ತಪ್ಪು ನನ್ನದು ಅನ್ನೋ ಕಾಗದ. ಈ ತಿಂಗಳಲ್ಲೇ. ಯೋಚನೆ ಮಾಡ್ತೀನಿ ಅಂದೆ.

ಸಂಜೆ ಆ ಹುಡುಗಿ ಬಂದಳು. ಓಡಿ ಹಾಕೋದು ಮರೆತುಹೋಗಿದೆ ಅನ್ನಿಸತ್ತೆ ಮೇಡಂ, ಅಂದಳು, ಅದೂ ನನ್ನ ಪರವಾಗಿ ತಾನೇ ಸಮಾಧಾನ ಹೇಳೋ ಥರ. ಅವಳ ಚಿಕ್ಕಮ್ಮ ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಇವಳನ್ನ ಓದಿಸ್ತಿರೋದು ನನಗೆ ಗೊತ್ತು. ಈ ವರ್ಷ ತಪ್ಪಿದರೆ ಇನ್ನೊಂದು ವರ್ಷ ಓದಿಸೋ ಶಕ್ತಿ ಆ ಹೆಂಗಸಿಗಿಲ್ಲ. ನೋಡ್ತೀನಿ ಅಂದೆ. ಥ್ಯಾಂಕ್ಸ್ ಮೇಡಂ ಅಂದಳು. ಏನಕ್ಕೆ ಥ್ಯಾಂಕ್ಸೋ.

ಸೆಪ್ಟೆಂಬರ್ 3, ಮಂಗಳವಾರ

ಆ ಕಾಗದ ಮೂರು ಸಲ ಬರೆದೆ, ಮೂರು ಸಲ ಹರಿದೆ. ಮೊದಲನೇದರಲ್ಲಿ ತಪ್ಪು ಎಲ್ಲ ನನ್ನದೇ ಅಂತ ಬಂತು, ಅಷ್ಟೊಂದು ಬೇಡ ಅನ್ನಿಸ್ತು. ಎರಡನೇದರಲ್ಲಿ ಕೆಲಸದ ಒತ್ತಡ ಅಂತ ಬಂತು, ಓದಿದರೆ ನನಗೇ ನಗು. ಮೂರನೇದರಲ್ಲಿ ಏನೂ ಇರಲಿಲ್ಲ, ಎಲ್ಲ ದಯವಿಟ್ಟು, ದಯವಿಟ್ಟು.

ಇವರಿಗೆ ಹೇಳಿದೆ. ಚಿಮಟ ಹಿಡಿದು ಕನ್ನಡಕದ ಸಣ್ಣ ಸ್ಕ್ರೂ ಕೂರಿಸ್ತಾ, ಒಂದು ಸಾಲು ಬರೆದು ಬಿಸಾಕು, ಅಷ್ಟಕ್ಕೇನು ಅಂದರು. ಅಂಗಡಿ ಇಟ್ಟೋರಿಗೇನು, ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ.

ಸ್ಟಾಫ್ ರೂಮಿನಲ್ಲಿ ಇತಿಹಾಸದವರು ಯಾರನ್ನೋ ಕುರಿತು, ಈಗಿನ ಕಾಲದಲ್ಲಿ ಮಕ್ಕಳಿಗೆ ಮಾತು ಕೊಡಬಾರದು ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಥಟ್ಟನೆ ತಿರುಗಿದೆ. ಅವರು ತಮ್ಮ ಮಗನ ವಿಷಯ ಹೇಳ್ತಿದ್ದರು.

ಶುಕ್ರವಾರ ಸಮಿತಿ ಇದೆ. ಅಲ್ಲಿ ವಿಷಯ ತಾನಾಗೇ ಬರತ್ತೆ, ಆಗ ಬಾಯಲ್ಲೇ ಹೇಳಿದರಾಯ್ತು. ಬರೆಯೋದಕ್ಕಿಂತ ಅದೇ ಮೇಲು.

ಸೆಪ್ಟೆಂಬರ್ 6, ಶುಕ್ರವಾರ

ಮೇಲುಸ್ತುವಾರಿ ಸಮಿತಿ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ನಡೆಯಿತು. ಹಾಜರಿದ್ದವರು: ಪ್ರಿನ್ಸಿಪಾಲರು, ಸೂಪರಿಂಟೆಂಡೆಂಟ್, ಸಲಹೆಗಾರ್ತಿ. ವಿಷಯ: ಅಧ್ಯಕ್ಷೆಯ ಹಾಜರಿ ಕೊರತೆ.

ಒಳಗೆ ಹೋಗೋ ಮುಂಚೆ ದೊಡ್ಡವರು ಬಾಗಿಲಲ್ಲಿ ನನಗೆ, ಪುಸ್ತಕದಲ್ಲಿ ಏನಿದೆಯೋ ಅಷ್ಟನ್ನ ಹೇಳಿದರೆ ಸಾಕು ಮೇಡಂ, ನೀವು ಟೆನ್ಷನ್ ಮಾಡ್ಕೋಬೇಡಿ ಅಂದರು. ಒಳ್ಳೇ ಮಾತೇ ಅಲ್ಲವಾ ಅದು?

ವಿದ್ಯಾರ್ಥಿನಿಯನ್ನು ಕರೆಸಲಾಯಿತು. ಜುಲೈನಲ್ಲಿ ಹನ್ನೊಂದು ದಿನ ಎಲ್ಲಿದ್ದೆ ಅಂತ ಕೇಳಿದರು. ಕ್ರೀಡಾಕೂಟದ ಕೆಲಸಕ್ಕೆ ಹೋಗಿದ್ದೆ ಸಾರ್ ಅಂದಳು. ಯಾರು ಕಳಿಸಿದ್ದು ಅಂದರು. ಅವಳು ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ, ಬರೀ ನೋಡಿದಳು, ನಾನು ಹೇಳ್ತೀನಿ ಅಂತ ಜಾಗ ಬಿಟ್ಟುಕೊಟ್ಟ ಹಾಗೆ. ಓಡಿ ಪುಸ್ತಕ ನನ್ನ ಮುಂದೆ ತೆರೆದಿತ್ತು. ನಾನು ಪುಟ ತಿರುಗಿಸಿದೆ, ಇನ್ನೊಂದು ತಿರುಗಿಸಿದೆ, ಗೊತ್ತಿಲ್ಲದೋಳ ಹಾಗೆ.

"ಪುಸ್ತಕದಲ್ಲಿ ನಮೂದು ಇಲ್ಲ ಸಾರ್" ಅಂದೆ.

ಅವಳು ನನ್ನ ಮುಂದಿದ್ದ ತೆರೆದ ಪುಟ ನೋಡಿದಳು. ಆಮೇಲೆ ಅವಳು, "ಹಾಗಾದ್ರೆ ಯಾರೂ ಕಳಿಸಲಿಲ್ಲ ಸಾರ್" ಅಂದಳು.

ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ನಮೂದು ಇಲ್ಲ ಅನ್ನೋದು ಸತ್ಯ. ಪದವಿ ರದ್ದಾಗಿದೆ. ಅಧ್ಯಕ್ಷರಿಲ್ಲದ್ದರಿಂದ ಈ ವರ್ಷದ ಠರಾವುಗಳನ್ನೆಲ್ಲ ತಡೆಹಿಡಿಯಲಾಗಿದೆ. ಸಭೆ ಹನ್ನೊಂದೂವರೆಗೆ ಮುಕ್ತಾಯ.

ಸೆಪ್ಟೆಂಬರ್ 9, ಸೋಮವಾರ

ಸದರಿ ವಿದ್ಯಾರ್ಥಿನಿಯ ಚಿಕ್ಕಮ್ಮ ಕಾಲೇಜಿಗೆ ಬಂದಿದ್ದರು. ಕೈಬೆರಳಲ್ಲಿ ಸೂಜಿ ಚುಚ್ಚಿದ ಕಲೆ, ಹೆಗಲ ಮೇಲೆ ಎಲ್ಲೋ ಒಂದು ನೀಲಿ ದಾರ ಅಂಟಿಕೊಂಡಿತ್ತು. ಸ್ಟಾಫ್ ರೂಮಿನ ಹೊರಗೆ ಬೆಂಚಿನ ತುದಿಯಲ್ಲಿ ಒಂದು ಗಂಟೆ ಕಾದಿದ್ದರು.

ಪರೀಕ್ಷೆ ವಿಷಯದಲ್ಲಿ ಪ್ರಿನ್ಸಿಪಾಲರು ರಿಯಾಯಿತಿ ತೋರಿಸೋಕೆ ಒಪ್ಪಿದ್ದಾರೆ. ನಾನು ಯಾರಿಗೂ ಹೇಳದೆ ಕಾರಣವಿಲ್ಲದೆ ಗೈರಾಗಿದ್ದೆ, ಕ್ಷಮಿಸಿ ಅಂತ ವಿದ್ಯಾರ್ಥಿನಿ ಒಂದು ಪತ್ರ ಕೊಟ್ಟರೆ ಕೂರಿಸ್ತಾರೆ. ಸದರಿಯವಳು ಕೊಡಲ್ಲ ಅಂತ ಕೂತಿದ್ದಾಳೆ. ಚಿಕ್ಕಮ್ಮ ಕೈ ಮುಗಿದರು. ಊರು ಸುತ್ತೋಕೆ ಹೋದೋಳು ಹೋದೆ ಅಂತ ಒಪ್ಪಿಕೊಳ್ಳೋಕೇನು ಕಷ್ಟ ಮೇಡಂ, ಬೈದು ಬೈದು ಸಾಕಾಯ್ತು, ನೀವು ಹೇಳಿದ್ರೆ ಕೇಳ್ತಾಳೆ ಅಂದರು. ಅವರಿಗೆ ಗೊತ್ತಿಲ್ಲ ಅಂತ ಆಗ ಗೊತ್ತಾಯ್ತು. ಯಾರು ಕಳಿಸಿದ್ದು ಅಂತ ಅವಳು ಮನೆಯಲ್ಲೂ ಹೇಳಿಲ್ಲ.

ಹೇಳ್ತೀನಿ ಅಂದೆ. ಮಧ್ಯಾಹ್ನ ಕರೆಸಿ ಹೇಳಿದೆ ಕೂಡ. ಒಂದು ಕಾಗದ ತಾನೆ, ಬರೆದುಕೊಟ್ಟುಬಿಡು, ವರ್ಷ ಉಳಿಯತ್ತೆ ಅಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ, ಸುಮ್ಮನೆ ಕೇಳಿದಳು: "ಮೇಡಂ, ನಾನು ಬರೀಬೇಕಾ?"

ಅದಕ್ಕೆ ನಾನೇನು ಉತ್ತರ ಕೊಟ್ಟೆ ಅಂತ ನೆನಪಿಲ್ಲ. ಅವಳ ಹಟಕ್ಕೆ ಯಾರೇನು ಮಾಡೋಕಾಗತ್ತೆ.

ಮನೇಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಇವರು ತಲೆ ಎತ್ತಿ, ಯಾರು ಈ ಸದರಿ ವಿದ್ಯಾರ್ಥಿನಿ, ನಿನ್ನ ಗಿರಗಿಟ್ಲೆನಾ ಅಂದರು. ಹೂಂ ಅಂದೆ. ಮತ್ತೆ ಹಾಗೇ ಅನ್ನಬಾರದಾ ಅಂದರು. ಎದ್ದು ಕೈ ತೊಳೆದುಕೊಂಡೆ.

ಸೆಪ್ಟೆಂಬರ್ 17, ಮಂಗಳವಾರ

ಕಾಯಂ ಆಯ್ತು. ಬಾಗಿಲಿಗೆ ಹೊಸ ಹೆಸರಿನ ಹಲಗೆ ಹಾಕಿದರು. ಮುಖ್ಯಸ್ಥೆಯ ಕೋಣೆಯ ಬಾಗಿಲಿಗೆ ಚಿಲಕ ಚೆನ್ನಾಗಿದೆ.

ಅಕ್ಟೋಬರ್ 4, ಶುಕ್ರವಾರ

ಇವತ್ತು ಕೊನೇ ವರ್ಷದವರಿಗೆ ಪರೀಕ್ಷೆಯ ಪ್ರವೇಶ ಪತ್ರ ಕೊಟ್ಟರು. ಕೌಂಟರಿನ ಮುಂದೆ ದೊಡ್ಡ ಸಾಲು. ಗಿರಗಿಟ್ಲೆ ಆ ಸಾಲಲ್ಲಿ ಇರಲಿಲ್ಲ. ಪಕ್ಕದ ಕಿಟಕಿಯಲ್ಲಿ ಇದ್ದಳು, ಒಬ್ಬಳೇ. ಕಾಲೇಜು ಬಿಟ್ಟುಹೋಗೋರು ಅರ್ಜಿ ಕೊಡೋ ಕಿಟಕಿ ಅದು.

ಅರ್ಜಿ ಹಿಡಕೊಂಡು ನನ್ನ ಕೋಣೆಗೆ ಬಂದಳು. ಲೈಬ್ರರಿ, ಲ್ಯಾಬು, ಕ್ರೀಡೆ, ಎಲ್ಲರೂ ನಮ್ಮಿಂದ ತಕರಾರಿಲ್ಲ ಅಂತ ಸಹಿ ಹಾಕಿದ್ದರು. ಉಳಿದಿದ್ದು ಸಂಘದ ಸಲಹೆಗಾರ್ತಿಯ ಸಹಿ. ನಡವಳಿ ಪುಸ್ತಕ, ಕೋಣೆಯ ಬೀಗದ ಕೈ ಎರಡನ್ನೂ ಮೇಜಿನ ಮೇಲೆ ಇಟ್ಟಳು. ಕೂತ್ಕೋ ಅಂದೆ. ಮನೆಗೆ ಹೋಗೋ ಬಸ್ಸಿದೆ ಅಂದಳು. ಇನ್ನೊಂದು ಊರಲ್ಲಿ ಔಷಧಿ ಡಿಪೋ ಒಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದೆಯಂತೆ, ಸೋಮವಾರದಿಂದ.

ನಾನು ಪೆನ್ನು ತೆಗೆದು ಸಹಿ ಹಾಕಿದೆ. ಈ ವರ್ಷ ಆ ಹುಡುಗಿ ತನಗೆ ಅಂತ ಕೇಳಿದ್ದರಲ್ಲಿ ಕೇಳಿದ ತಕ್ಷಣ ನಾನು ಮಾಡಿಕೊಟ್ಟ ಕೆಲಸ ಇದೊಂದೇ.

ಅರ್ಜಿಯಲ್ಲಿ ಒಂದು ಖಾನೆ ಖಾಲಿ ಇತ್ತು, ಬಿಡಲು ಕಾರಣ ಅನ್ನೋ ಖಾನೆ. ಇದನ್ನ ತುಂಬಿಲ್ಲವಲ್ಲ ಅಂದೆ. ಕಿಟಕಿಯವರು ಏನಾದರೂ ಬರೀಲಿ ಬಿಡಿ ಮೇಡಂ ಅಂದಳು. ಎಷ್ಟು ಕಷ್ಟಪಟ್ಟು ಕೇಳಿದ್ದಳು ಅದೊಂದನ್ನ, ಕಾರಣ ಬರೆದು ಕೊಡಿ ಅಂತ. ದೊಡ್ಡವರ ಹತ್ತಿರ ಬರೆದು ಕೊಡಿ ಅಂದವಳು ನನ್ನ ಹತ್ತಿರ ಯಾವತ್ತೂ ಹಾಗೆ ಕೇಳಲಿಲ್ಲ. ನನ್ನ ಮಾತೇ ಸಾಕು ಅಂತ ನಂಬಿದ್ದಳು.

ಬಾಗಿಲ ತನಕ ಹೋದೋಳು ನಿಂತಳು. ಈ ಕೆಂಪು ಪುಸ್ತಕ ಮೇಜಿನ ಮೇಲೆ ಇತ್ತು, ಅದನ್ನ ನೋಡಿದಳು.

"ಅದರಲ್ಲಾದ್ರೂ ಬರೆದಿದ್ದೀರಾ ಮೇಡಂ?"

ಬರೆದಿದ್ದೀನಿ ಅಂದೆ. ತಲೆ ಆಡಿಸಿ ಹೋದಳು. ಓಡಲಿಲ್ಲ, ನಡೆದೇ ಹೋದಳು.

ಆಮೇಲೆ ಬಾಗಿಲು ಹಾಕಿಕೊಂಡು ಮೊದಲನೇ ಪುಟದಿಂದ ಓದಿದೆ. ಜುಲೈ ಹನ್ನೆರಡು, ಶುಕ್ರವಾರ. ನೀನು ಹೋಗೇ ತಾಯಿ, ಹಾಜರಿ ನಾನು ನೋಡ್ಕೋತೀನಿ. ತಾರೀಕಿನ ಸಮೇತ, ನನ್ನದೇ ಅಕ್ಷರ. ಸಮಿತಿಯ ದಿನ ಇದು ನನ್ನ ಚೀಲದಲ್ಲೇ ಇತ್ತು, ಕುರ್ಚಿಯ ಕಾಲಿಗೆ ಒರಗಿಸಿ ಇಟ್ಟುಕೊಂಡಿದ್ದೆ. ನಮೂದು ಇಲ್ಲ ಅಂದೆ. ನಮೂದು ಇತ್ತು.

ಮುಂದೆ ಓದ್ತಾ ಹೋದೆ. ಆಗಸ್ಟ್‌ವರೆಗೆ ಗಿರಗಿಟ್ಲೆ ಅಂತ ಇದೆ. ಆಮೇಲೆ ಯಾರೋ ಬೇರೆ ಹೆಂಗಸು ನನ್ನ ಪೆನ್ನು ಕಸಿದುಕೊಂಡು ಬರೆದ ಹಾಗಿದೆ. ನನಗೆ ನಾಚಿಕೆ ಆಯ್ತು. ಆ ಹೆಂಗಸು ಯಾರು ಅಂತ ನನಗೆ ಗೊತ್ತು, ಬಾಗಿಲ ಮೇಲೆ ಹೆಸರಿದೆ.

ಅಕ್ಟೋಬರ್ 5, ಶನಿವಾರ

ಬರೆದೆ. ಎರಡು ಪುಟ ಆಯ್ತು. ಹನ್ನೊಂದು ತಾರೀಕು, ಅವಳು ಹೋದ ಜಾಗ, ಮಾಡಿದ ಕೆಲಸ, ನಾನೇ ಕಳಿಸಿದ್ದು, ನಾನೇ ಬರೆಯದೆ ಬಿಟ್ಟಿದ್ದು, ಸಮಿತಿಯಲ್ಲಿ ನಾನೇ ಬಾಯಿ ಮುಚ್ಚಿಕೊಂಡಿದ್ದು. ಒಂದೂ ದಯವಿಟ್ಟು ಹಾಕಲಿಲ್ಲ. ನಕಲು ಮಾಡಿಕೊಂಡೆ.

ದೊಡ್ಡವರು ನಿಧಾನವಾಗಿ ಓದಿದರು. ಬೈತಾರೆ ಅಂದುಕೊಂಡೆ. ಕನ್ನಡಕ ತೆಗೆದಿಟ್ಟು, ನಿಜವಾಗಲೂ ಬೇಜಾರಾದವರ ಹಾಗೆ ಹೇಳಿದರು: "ಮೇಡಂ, ಆವತ್ತು ಒಂದು ಮಾತು ಹೇಳಿದ್ದರೆ ನಾನೇ ಆ ಹನ್ನೊಂದು ದಿನದ ಓಡಿ ಕೊಟ್ಟುಬಿಡ್ತಿದ್ದೆನಲ್ಲ."

ಸುಳ್ಳೋ ನಿಜವೋ ಗೊತ್ತಿಲ್ಲ. ಸುಳ್ಳಾದರೆ ನಾನು ಅವರಿಗೆ ಹೆದರಿದ್ದಕ್ಕೆ ಒಂದು ಅರ್ಥವಾದರೂ ಇರತ್ತೆ. ನಿಜವಾದರೆ, ಯಾರೂ ತೋರಿಸದ ಕೋಲಿಗೆ ಹೆದರಿ ನಾನು ಆ ಮಗುವನ್ನ ಬಿಟ್ಟುಕೊಟ್ಟೆ. ನೆನೆದಷ್ಟೂ ನಿಜ ಅನ್ನಿಸ್ತಿದೆ.

ಸದ್ಯ ಆಕೆ ನಮ್ಮ ವಿದ್ಯಾರ್ಥಿನಿ ಅಲ್ಲವಲ್ಲ, ಇದರ ಮೇಲೆ ಕ್ರಮ ಏನೂ ಬರಲ್ಲ ಅಂತ ಸೂಪರಿಂಟೆಂಡೆಂಟ್ ಹೇಳಿದರು. ಕಾಗದದ ಮೇಲೆ ಮುದ್ರೆ ಒತ್ತಿದರು. ಅದೇ ರಬ್ಬರ್ ಮುದ್ರೆ. ಬಿಟ್ಟುಹೋದ ಅರ್ಜಿಯನ್ನೂ ಕೇಳಿ ನೋಡಿದೆ. ಕಾರಣದ ಖಾನೆಯಲ್ಲಿ ಗುಮಾಸ್ತರು ಸ್ವಂತ ಕಾರಣ ಅಂತ ಬರೆದಿದ್ದಾರೆ. ಎಲ್ಲರಿಗೂ ಹಾಗೇ ಬರೆಯೋದು ಅಂದರು.

ಇವರು ಸಂಜೆ, ಬರೆದು ಕೊಟ್ಟೆಯಾ ಅಂದರು. ಹೂಂ ಅಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ನಮ್ಮಮ್ಮ ಮಾತುಮಾತಿಗೂ ಅನ್ನೋಳು, ಅದನ್ನೇ ಹೇಳಿ ಅತ್ತೆ. ಇವರು ನನ್ನ ಕನ್ನಡಕ ತೆಗೆದುಕೊಂಡು ಒರೆಸಿಕೊಟ್ಟರು.

ಅಕ್ಟೋಬರ್ 8, ಮಂಗಳವಾರ

ನಕಲು ತೆಗೆದುಕೊಂಡು ಚಿಕ್ಕಮ್ಮನ ಅಂಗಡಿಗೆ ಹೋಗಿದ್ದೆ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಒಂದು ಮಿಷನ್ನು, ಗೋಡೆಗೆ ಸಾಲಾಗಿ ತೂಗು ಹಾಕಿದ ಸಣ್ಣ ಸಣ್ಣ ನೀಲಿ ಲಂಗ, ಬಿಳಿ ಅಂಗಿ. ಎಲ್ಲ ಯಾರದೋ ಮಕ್ಕಳದು.

ಗಿರಗಿಟ್ಲೆ ಭಾನುವಾರವೇ ಹೊರಟುಹೋಗಿದ್ದಾಳೆ. ನಾನು ಕಾಗದ ಕೊಟ್ಟೆ. ಬಾಯಲ್ಲಿ ಹೇಳೋಕೆ ಮತ್ತೆ ಆಗಲಿಲ್ಲ ನನಗೆ. ಚಿಕ್ಕಮ್ಮ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡೇ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ತುಂಬಾ ಹೊತ್ತು ಹಿಡೀತು. ಮಿಷನ್ನಿನ ಮೇಲಿದ್ದ ಒಂದು ಅಂಗಿಯ ಕೈ ಜಾರಿ ಕೆಳಗೆ ಬಿತ್ತು, ನಾನು ಎತ್ತಿ ಇಟ್ಟೆ.

ಬೈತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಾಗದ ಮಡಚಿ, "ಆವತ್ತಾಗಿದ್ರೆ ಒಂದು ಸಾಲು ಸಾಕಿತ್ತು ಅಲ್ವಾ ಮೇಡಂ" ಅಂದರು. ಹೌದು ಅಂದೆ.

ಆಮೇಲೆ ಅವರ ಮುಖ ಬೇರೆಯಾಯ್ತು. ಒಂದು ತಿಂಗಳು ಬೈದೆ ಅವಳನ್ನ, ಅಂದರು. ನಾನು ಬೆನ್ನು ಮುರ್ಕೊಂಡು ಹೊಲೀತೀನಿ, ನೀನು ಊರು ಸುತ್ತು ಅಂತ. ಹೋಗೋ ದಿನ ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ ನಾನು, ಕೋಪದಲ್ಲಿ. ಒಂದು ಮಾತು ಎದುರಾಡಲಿಲ್ಲ ಅವಳು. ನಿಮ್ಮ ಹೆಸರು ಎತ್ತಲಿಲ್ಲ.

ಅವಳ ವರ್ಷ ಹೋಗಿದ್ದು ನನಗೆ ಗೊತ್ತಿತ್ತು, ಪದವಿ ಹೋಗಿದ್ದು ಗೊತ್ತಿತ್ತು. ಮನೆಯಲ್ಲಿ ಅವಳ ಮಾನ ಹೋಗಿದ್ದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಚಿಕ್ಕಮ್ಮ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಅಂಗಿಯ ಅಳತೆ ಬರೆದುಕೊಳ್ಳೋ ಪುಸ್ತಕದ ಹಾಳೆ. "ನನಗೆ ಎದೇಲಿ ಇರೋದನ್ನ ನೆಟ್ಟಗೆ ಬರೆಯೋಕೆ ಬರಲ್ಲ. ನಾನು ಬೈದದ್ದು ತಪ್ಪು ಅಂತ ಅವಳಿಗೊಂದು ಕಾಗದ ಬರೆದುಕೊಡ್ತೀರಾ ಮೇಡಂ?"

ಅಲ್ಲೇ ಸ್ಟೂಲಿನ ಮೇಲೆ ಕೂತು, ಮಿಷನ್ನಿನ ಹಲಗೆ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ನನ್ನ ಹೆಸರು ಎಲ್ಲೂ ಬಾರದ ಹಾಗೆ ಬರೆಯೋದು ಸುಲಭ ಇತ್ತು. ಮೊದಲನೇ ಸಾಲಿನಲ್ಲೇ ಬರೆದೆ: ನಿನ್ನನ್ನ ನಿಮ್ಮ ಮೇಡಂ ಕಳಿಸಿದ್ದು ಅಂತ ನನಗೆ ಇವತ್ತು ಗೊತ್ತಾಯ್ತು ಮಗಳೇ. ಮಿಕ್ಕದ್ದು ಅವರು ಹೇಳಿದ ಹಾಗೆ. ಕೊನೆಗೆ ಓದಿ ಹೇಳಿದೆ. ಸರಿ ಇದೆ ಅಂದು ಕೆಳಗೆ ಸಹಿ ಹಾಕಿದರು.

ತಾರೀಕೂ ಹಾಕಿ ಅಂದೆ. ಹಾಕಿದರು.